ಸ್ವಿಚ್ಚಿನ ಮೇಲೆ ಒಂದೆಳೆ ನೂಲು

ಪೆರಿಯಕುಳಂ ಬಸ್ ನಿಲ್ದಾಣದ ಹಿಂದಿರುವ ಸೀರೆ ಡಿಪೋದಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಕಾವಲುಗಾರ ಬಾಗಿಲು ತೆಗೆದು ಟೀಗೆ ಹೋಗಿದ್ದಾನೆ. ಕಾಳಿಯಮ್ಮಾಳ್ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಟಾರ್ಚು ಹಿಡಿದು ಒಂದು ಮೇಜಿನ ಕೆಳಗೆ ಕೂತಿದ್ದಾರೆ. ಅವರ ಕೆಲಸ ನೋಡಲೆಂದು ನಾನೂ ಜೊತೆಗೆ ಬಂದಿದ್ದೇನೆ. ಹದಿನೈದು ದಿನದ ಹಿಂದೆ ಇಲ್ಲಿನ ಕಂಪ್ಯೂಟರಿನ ಸ್ವಿಚ್ಚಿನ ಮೇಲೆ ಅಡ್ಡಲಾಗಿ ಒಂದೆಳೆ ನೂಲನ್ನು ಗಂಜಿ ಹಾಕಿ ಅಂಟಿಸಿದ್ದರು. ಅದು ಹರಿದಿದೆ.

“ತೀರಿಹೋದವರ ಮಿಷಿನ್ನು ಯಾರು ಹಾಕ್ತಾರೆ?” ಎಂದು ತಮಗೆ ತಾವೇ ಕೇಳಿಕೊಳ್ಳುತ್ತಾರೆ.

ಚಿನ್ನಾಳಪಟ್ಟಿಯ ಈ ಸೀರೆ ಕಂಪನಿ ಎರಡು ವರ್ಷದ ಹಿಂದೆ, ತೊಂಬತ್ತಾರರಲ್ಲಿ, ತನ್ನ ಡಿಪೋಗಳಿಗೆಲ್ಲ ದಾಸ್ತಾನಿನ ಲೆಕ್ಕಕ್ಕಾಗಿ ಒಂದು ಪ್ರೋಗ್ರಾಂ ಕೊಂಡಿತು. ಒಂದೊಂದು ಪರವಾನಗಿಗೂ ಬೆಂಕಿಪೊಟ್ಟಣದಷ್ಟು ಗಾತ್ರದ ಒಂದು ಪ್ಲಗ್ಗು ಬಂತು. ಕಂಪ್ಯೂಟರಿನ ಬೆನ್ನಿಗೆ ಅದನ್ನು ಸಿಕ್ಕಿಸದಿದ್ದರೆ ಪ್ರೋಗ್ರಾಂ ತೆರೆಯುವುದಿಲ್ಲ. ಇಲ್ಲಿಯವರು ಅದನ್ನು ಪೂಟ್ಟು, ಎಂದರೆ ಬೀಗ, ಎನ್ನುತ್ತಾರೆ. ಒಂದರ ಬೆಲೆ ಒಂದು ಮಗ್ಗಕ್ಕಿಂತ ಹೆಚ್ಚು. ರಿಯಾಯಿತಿ ಸಿಕ್ಕಿತೆಂದು ಬೇಕಾದ್ದಕ್ಕಿಂತ ಹೆಚ್ಚು ಕೊಂಡರು. ಕೆಲವು ಮೇನೇಜರುಗಳು ಆಯುಧಪೂಜೆಗೆ ಅದಕ್ಕೂ ಗಂಧ ಕುಂಕುಮ ಹಚ್ಚಿ ಮತ್ತೆ ಮುಟ್ಟಲೇ ಇಲ್ಲ. ಈಗ ಹೊಸದು ಕೊಳ್ಳುವುದಿಲ್ಲ ಎಂಬುದು ಕಂಪನಿಯ ನಿಯಮ. ಎಲ್ಲಿ ಸುಮ್ಮನೆ ಕೂತಿದೆಯೋ ಅಲ್ಲಿಂದ ಕಿತ್ತು, ಬೇಕಾದಲ್ಲಿಗೆ ಕೊಡಬೇಕು. ಆ ಕೆಲಸ ಕಾಳಿಯಮ್ಮಾಳರದು.

ಕಂಬಂ ಕಣಿವೆಯ ಕನ್ನಡ ಮಾತಾಡುವ ಬೇಸಾಯದ ಮನೆಯವರು. ಗಂಡನಿಗೆ ಈ ಕಂಪನಿಯ ಗೋದಾಮಿನಲ್ಲಿ ಕೆಲಸ ಸಿಕ್ಕಿ ಚಿನ್ನಾಳಪಟ್ಟಿಗೆ ಬಂದರು. ಹನ್ನೊಂದು ವರ್ಷ ನೂಲು ಸುತ್ತಿದರು. ಬೆರಳಿನ ಸಂದಿಯಲ್ಲಿ ಅದರ ಗುರುತಿದೆ. ಕೈ ನೋಯಲು ಶುರುವಾದ ಮೇಲೆ ಆಫೀಸಿಗೆ ಹಾಕಿದರು. “ಯಾರ್‍ನ ಕೇಳಿದ್ರೂ ದಿನಾ ಹಾಕ್ತೀವಿ ಅಂತಾರೆ. ಯಾರ್‍ನಾದ್ರೂ ಪೊಯ್ ಹೇಳ್ತೀಯ ಅನ್ನೋಕಾಗುತ್ತಾ? ಅದಕ್ಕೇ ನೂಲು,” ಎನ್ನುತ್ತಾರೆ. ಪೊಯ್ ಎಂದರೆ ಸುಳ್ಳು. ನೂಲಿನ ಸಂಗತಿ ಈಗ ಎಲ್ಲರಿಗೂ ಗೊತ್ತು. ಬೇಕೆಂದೇ ಹರಿದು ಕೂರುವವರೂ ಇದ್ದಾರೆ. ಆಗ ಕಾಳಿಯಮ್ಮಾಳ್ ಕೀಬೋರ್ಡಿನ ಮೇಲೆ ಬೆರಳಾಡಿಸಿ ಧೂಳಿದೆಯೇ ಎಂದು ನೋಡುತ್ತಾರೆ. ಡಿಪೋಗಳಲ್ಲಿ ಅವರ ಹೆಸರು ಪೂಟ್ಟು ಕಾಳಿ. ಅದಕ್ಕೆ ಅವರ ತಕರಾರಿಲ್ಲ.

ಪೆರಿಯಕುಳಂ ಡಿಪೋದ ಈ ಕಂಪ್ಯೂಟರು ಗುಮಾಸ್ತ ಅಳಗರ್ ಅವರದಾಗಿತ್ತು. ಪೊಂಗಲ್ ಕಳೆದ ವಾರ ಅವರು ತೀರಿಕೊಂಡರು. ಕುರ್ಚಿಯ ಮೇಲೆ ಅವರ ಟವೆಲು ಹಾಗೇ ಇದೆ. ಯಾರೂ ತೆಗೆದಿಲ್ಲ. ತೆಗೆಯುವುದು ಯಾರ ಕೆಲಸವೆಂದು ಯಾರಿಗೂ ತಿಳಿದಂತಿಲ್ಲ.

ನಿಲಕ್ಕೋಟ್ಟೈ ಡಿಪೋದಲ್ಲಿ ಕಾರ್ತಿಕಾ ಎಂಬ ಹುಡುಗಿ ಮೂರು ತಿಂಗಳಿಂದ ಹಂಗಾಮಿ ಕೆಲಸದಲ್ಲಿದ್ದಾಳೆ. ಅವಳಿಗೆ ಕಂಪ್ಯೂಟರು ಬಂದಿದೆ, ಬೀಗ ಬಂದಿಲ್ಲ. ಶನಿವಾರದೊಳಗೆ ಸಿಗದಿದ್ದರೆ ಆ ಹುದ್ದೆಯೇ ಬೇಡ ಎಂದು ಕಂಪನಿ ಹೇಳಿದೆ. “ಅಕ್ಕಾ, ಪೂಟ್ಟು ಸಿಕ್ಕಿಲ್ಲೆ ಅಂದ್ರೆ ಮನೇಲಿ ಮಾಪಿಳ್ಳೆ ನೋಡೋಕೆ ಸುರು ಮಾಡ್ತಾರೆ. ನಿಮ್ಗೂ ಪತ್ರಿಕೆ ಕೊಡ್ತೀನಿ, ಬಂದು ಊಟ ಮಾಡಿ,” ಎಂದಿದ್ದಾಳಂತೆ. ಮಾಪಿಳ್ಳೆ ಎಂದರೆ ಮದುವೆಯ ಗಂಡು. ಉಳಿದ ಡಿಪೋಗಳನ್ನೆಲ್ಲ ನೋಡಿ ಆಗಿದೆ. ಇದೊಂದೇ ಬಾಕಿ. ಇಂದು ಗುರುವಾರ.

ಏಳು ಗಂಟೆಗೆ ಡಿಪೋ ಮೇನೇಜರ್ ರಂಗಸಾಮಿ ಬರುತ್ತಾರೆ. ಅವರದೂ ಕಣಿವೆಯ ಕನ್ನಡವೇ.

“ಬಂದ್ಬಿಟ್ಟಳಾ ಪೂಟ್ಟು ಕಾಳಿ! ನಿನ್ನ ನೂಲು ಹರಿದೈತೆ ತಾನೇ? ಹರಿದ್ರೆ ಕೀಳಲ್ಲ ಅಂತ ನಿನ್ನ ರೂಲು.”

“ಹರಿದೈತೆ ಅಣ್ಣಾ. ಆದ್ರೆ ಕೀಬೋರ್ಡ್ ಮೇಲೆ ಕೋಲ ಬಿಡೋವಷ್ಟು ಧೂಳೈತೆ.”

ಕೋಲ ಎಂದರೆ ರಂಗೋಲಿ. ರಂಗಸಾಮಿ ಬಗ್ಗಿ ಸ್ವಿಚ್ಚು ಒತ್ತುತ್ತಾರೆ. ಒಳಗಿನ ಫ್ಯಾನು ಗುರ್ರೆಂದು ತಿರುಗುತ್ತದೆ. ಪರದೆಗೆ ಬೆಳಕು ಬರುತ್ತದೆ. ಅವರು ಕೈಕಟ್ಟಿ ನಿಂತಿದ್ದಾರೆ.

“ಅಳಗರ್ ಬಂದವನೇ ಇದನ್ನ ಹಾಕಿಟ್ಟು ಟೀಗೆ ಹೋಗ್ತಿದ್ದ. ಈ ಸದ್ದು ಕೇಳಿದ್ರೇ ನಂಗೆ ಡಿಪೋ ತೆಗೆದಂಗೆ. ದಿನಾ ಹಾಕ್ತೀನಿ. ಆಮೇಲೆ ಆರಿಸ್ತೀನಿ. ಅಷ್ಟೇ.”

ಕಾಳಿಯಮ್ಮಾಳ್ ಕಂಪ್ಯೂಟರು ಆರಿಸಿ, ಹಿಂದಕ್ಕೆ ಹೋಗಿ, ಬೀಗದ ಎರಡು ಸ್ಕ್ರೂ ಬಿಚ್ಚಿ ಅದನ್ನು ಅಂಗೈಯಲ್ಲಿ ಹಿಡಿಯುತ್ತಾರೆ.

“ಈಗ ಹಾಕಿ ಅಣ್ಣಾ.”

ರಂಗಸಾಮಿ ಮತ್ತೆ ಒತ್ತುತ್ತಾರೆ. ಫ್ಯಾನು ತಿರುಗುತ್ತದೆ. ಪರದೆಗೆ ಬೆಳಕು ಬರುತ್ತದೆ. ಅವರು ಕಿವಿಗೊಟ್ಟು ಕೇಳುತ್ತಾರೆ.

“ಅದೇ ಸದ್ದು ತಾನೇ?”

“ಅದೇ.”

“ಸದ್ದಿಗೆ ಪೂಟ್ಟು ಬೇಡ ಅಣ್ಣಾ. ವೇಲೆಗೆ ಮಾತ್ರ ಬೇಕು.” ವೇಲೆ ಎಂದರೆ ಕೆಲಸ.

ರಂಗಸಾಮಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. “ಆ ಹುಡುಗಿಗೆ ಹೇಳು, ಅಳಗರ್ ಪೂಟ್ಟು ಅಂತ.”

“ಹೇಳಲ್ಲಪ್ಪಾ. ಪೇಯಿ ಬರುತ್ತೆ ಅಂತ ಕಿರುಚ್ತಾಳೆ.”

ಪೇಯಿ ಎಂದರೆ ದೆವ್ವ. ರಂಗಸಾಮಿ ನಗುತ್ತಾರೆ. ಟವೆಲು ಕುರ್ಚಿಯ ಮೇಲೆಯೇ ಉಳಿಯುತ್ತದೆ. ಕಾಳಿಯಮ್ಮಾಳ್ ಅಲ್ಲಿ ಹೊಸ ನೂಲು ಅಂಟಿಸುವುದಿಲ್ಲ. ಬೀಗವನ್ನು ಟಿಫಿನ್ ಡಬ್ಬಿಯ ಖಾಲಿ ಅಂತಸ್ತಿನಲ್ಲಿ ಬಟ್ಟೆ ಸುತ್ತಿ ಇಟ್ಟು ನಿಲಕ್ಕೋಟ್ಟೈ ಕಡೆಗೆ ಬಸ್ಸು ಹತ್ತುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಕಾರ್ತಿಕಾಳ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ತೆರೆಯುತ್ತದೆ. ಹೊರಡುವ ಮೊದಲು ಅಲ್ಲಿನ ಸ್ವಿಚ್ಚಿಗೆ ಒಂದೆಳೆ ನೂಲು ಬೀಳುತ್ತದೆ. “ನನ್ನ ಮೇಲೂ ನಂಬಿಕೆ ಇಲ್ವಾ ಅಕ್ಕಾ?” ಎಂದು ಹುಡುಗಿ ಮುಖ ಊದಿಸಿಕೊಳ್ಳುತ್ತಾಳೆ.

ಎರಡು ವಾರ ಕಳೆದು ಅವರೊಂದಿಗೆ ಮತ್ತೆ ನಿಲಕ್ಕೋಟ್ಟೈಗೆ ಹೋಗುತ್ತೇನೆ. ಕಾರ್ತಿಕಾ ಇನ್ನೂ ಬಂದಿಲ್ಲ. ಅವಳ ಕೆಲಸ ಉಳಿದಿದೆ. ಕಾಳಿಯಮ್ಮಾಳ್ ಮೇಜಿನ ಕೆಳಗೆ ಕೂತು ಟಾರ್ಚು ಬಿಡುತ್ತಾರೆ. ನೂಲು ಎರಡು ತುಂಡಾಗಿ ನೇತಾಡುತ್ತಿದೆ. ಕೀಬೋರ್ಡಿನ ಮೇಲೆ ಧೂಳಿಲ್ಲ.

“ನೂಲು ಸುತ್ತೋವಾಗ ಒಂದೆಳೆ ಹರಿದ್ರೆ ಮೇಸ್ತ್ರಿ ಊರಿಗೆಲ್ಲ ಕೇಳೋ ಹಂಗೆ ಬಯ್ತಿದ್ದ,” ಎನ್ನುತ್ತಾರೆ, ತುಂಡುಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತ. “ಈ ಊರ್‍ಗಳಲ್ಲೆಲ್ಲ ಹರಿದ ನೂಲು ಕಂಡು ಸಂತೋಷ ಪಡೋಳು ನಾನೊಬ್ಳೇ ಇರ್‍ಬೇಕು.”