ಏಡಿ ಬಿಲಗಳೂ ನನ್ನ ಆನರ್ಸೂ

ನಮ್ಮ ವಂಶದಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಹಾಸನದಲ್ಲಿ ಹಾಸ್ಟೆಲಿನ ಮುದ್ದೆ ತಿಂದು ಓದು ಮುಗಿಸಿ, ಮೈಸೂರಿನಲ್ಲಿ ಪ್ರಾಣಿಶಾಸ್ತ್ರದ ಆನರ್ಸ್ ಸೇರಿದ್ದೆ. ಕೊನೆಯ ವರ್ಷ ಸ್ವಂತವಾಗಿ ನೋಡಿ ಬರೆದ ಪ್ರಬಂಧವೊಂದನ್ನು ಕೊಡದಿದ್ದರೆ ಪದವಿ ಇಲ್ಲ. ನಾನು ಆರಿಸಿಕೊಂಡದ್ದು ಗದ್ದೆ ಬದುವಿನಲ್ಲಿ ಏಡಿ ತೋಡುವ ಬಿಲ. ಹೊಳೆನರಸೀಪುರದ ಹತ್ತಿರ ನಾಲೆ ನೀರಿನ ನಮ್ಮದೇ ಗದ್ದೆ ಇರುವಾಗ ಇದಕ್ಕಿಂತ ಸುಲಭದ್ದು ಇನ್ನೇನು ಅಂದುಕೊಂಡೆ. ಅಪ್ಪನ ವಿಚಾರ ತಲೆಗೇ ಬಂದಿರಲಿಲ್ಲ.

ರಜೆಯಲ್ಲಿ ಊರಿಗೆ ಬಂದು ನಲವತ್ತು ಬಿಲ ಹುಡುಕಿ, ಒಂದೊಂದರ ಪಕ್ಕ ನಂಬರು ಬರೆದ ಬಿದಿರು ಕಡ್ಡಿ ನೆಟ್ಟೆ. ಮಾರನೆಯ ಬೆಳಗ್ಗೆ ಹೋದರೆ ಕಡ್ಡಿಗಳೆಲ್ಲ ಕಿತ್ತು ಒಂದೆಡೆ ರಾಶಿ ಬಿದ್ದಿವೆ, ಬಿಲಗಳ ಬಾಯಿಗೆ ಹುಲ್ಲು ಕಲೆಸಿದ ಕೆಸರು ಮೆತ್ತಿದೆ. ಅಪ್ಪ ಇನ್ನೂ ಹಿಮ್ಮಡಿಯಲ್ಲಿ ತುಳಿಯುತ್ತಿದ್ದ.

“ಅದು ನನ್ನ ಪರೀಕ್ಷೆ ಕಣಪ್ಪಾ!”

“ನೀರೆಲ್ಲಾ ಕೆಳಗಿನ್ ಗದ್ದೆಗ್ ಓಯ್ತಾ ಅದೆ. ನಿನ್ ಪರೀಕ್ಷೆ ಬತ್ತ ಬೆಳ್ದದಾ?”

ಕೆಳಗಿನ ಗದ್ದೆಯ ಯಜಮಾನ ಮಾತ್ರ ಇದ್ದಕ್ಕಿದ್ದಂತೆ ವಿದ್ಯಾಭಿಮಾನಿಯಾದ. “ಬುಡಿ ಗೌಡ್ರೆ, ಮಗ ಓದ್ಕಳ್ಲಿ. ನಾಕ್ ತೂತಿದ್ರೆ ಏನಾಯ್ತದೆ?” ಎಂದು ದಿನಾ ಬಂದು ಹೇಳುವನು. ಅವನು ಹೇಳಿದಷ್ಟೂ ಅಪ್ಪನ ತುಳಿತ ಜೋರಾಯಿತು.

ಹದಿನೈದು ದಿನ ಇದೇ ಆಯಿತು. ಸಾಕಾಗಿ ವಿಷಯವನ್ನೇ ತಿರುಗಿಸಿದೆ: ಮುಚ್ಚಿದ ಬಿಲವನ್ನು ಏಡಿ ಎಷ್ಟು ದಿನಕ್ಕೆ ಮತ್ತೆ ತೆರೆಯುತ್ತದೆ? “ನಲವತ್ತನ್ನೂ ಒಂದೇ ದಿನ ಮುಚ್ಚಿಬಿಡು, ಆಮೇಲೆ ಎಂಟು ದಿನ ಮುಟ್ಟಬೇಡ” ಎಂದು ಅಪ್ಪನಿಗೆ ಕೈಮುಗಿದೆ. ಖುಷಿಯಾಗಿ ಮುಚ್ಚಿದ. ಏಳು ದಿನ ಹಲ್ಲು ಕಚ್ಚಿ ತಡೆದುಕೊಂಡ. ಅಷ್ಟರಲ್ಲಿ ಮೂವತ್ತು ಬಿಲ ತೆರೆದದ್ದನ್ನು ನಾನೇ ನೋಡಿ ಬರೆದುಕೊಂಡಿದ್ದೆ. ಎಂಟನೆಯ ದಿನ ನಾನು ಹೋಗುವ ಮೊದಲೇ ಎಲ್ಲಕ್ಕೂ ಕೆಸರು ಬಿದ್ದಿತ್ತು.

“ಮಿಕ್ಕ ಹತ್ತರಲ್ಲಿ ಎಷ್ಟು ತೆರೆದಿದ್ವು?” ಎಂದು ಕಿರುಚಿದೆ.

“ಏಳು. ಬರ್ಕೊ.”

“ನಾನು ನೋಡಿಲ್ವಲ್ಲ!”

“ನಾನ್ ನೋಡಿವ್ನಲ್ಲ, ನಂದೇನ್ ಕುಲ್ಡುಗಣ್ಣಾ?”

ಬೇರೆ ದಾರಿಯಿಲ್ಲದೆ, ಮೂವತ್ತು ನಾನು ಕಂಡದ್ದು, ಏಳು ಆ ಗದ್ದೆಯ ಸಾಗುವಳಿದಾರರಾದ ನನ್ನ ತಂದೆ ಕಂಡದ್ದು ಎಂದೇ ಬರೆದೆ. ಮೈಸೂರಿನಲ್ಲಿ ಪ್ರಬಂಧ ತಿದ್ದುವ ಮೇಷ್ಟರು ಆ ಸಾಲಿಗೆ ಕೆಂಪು ಗೀಟು ಎಳೆದರು. “ಮೂವತ್ತೇಳು ಅಂತ ಬರೆದು ಮುಗಿಸ್ರಿ. ಮಧ್ಯೆ ಅಪ್ಪನನ್ನ ಯಾಕ್ರೀ ತರ್ತೀರಿ?”

“ಕಂಡವರು ಅವರು ಸಾರ್, ನಾನಲ್ಲ.”

ಯುದ್ಧದ ಕಾಲ, ಒಳ್ಳೆಯ ಕಾಗದ ಸಿಗುವುದೇ ದುರ್ಲಭ. ಅಂಗಡಿ ಅಂಗಡಿ ಅಲೆದು ತಂದು ಪುಟವನ್ನು ಮತ್ತೆ ಟೈಪು ಮಾಡಿಸಿದೆ, ಆ ಸಾಲನ್ನು ಬಿಡದೆ. ಮೇಷ್ಟರು ಗೊಣಗಿಕೊಂಡೇ ಸಹಿ ಹಾಕಿದರು. ಪದವಿಯೂ ಬಂತು.

ಊರಿಗೆ ಬಂದು ಆ ಪುಟವನ್ನು ಅಪ್ಪನಿಗೆ ಕನ್ನಡ ಮಾಡಿ ಹೇಳಿದೆ. ಕೇಳುತ್ತಾ ಬೆರಳು ಮಡಿಸಿದ, ಇನ್ನೊಂದು ಸಲ ಮಡಿಸಿದ.

“ಏಳಲ್ಲ ಕಣ್ಲಾ,” ಅಂದ. “ಎಂಟು. ತೂಬಿನ್ ಮಗ್ಗುಲದ್ದು ಮರ್ತ್ಬುಟ್ಟಿದ್ದೆ.”