ಕಸ್ತೂರೆವ್ವ ಮಾಡಿದ ಉಪವಾಸ

ಬೇಡಕಿಹಾಳದ ಕಸ್ತೂರೆವ್ವನಿಗೆ ಇಪ್ಪತ್ತಾರು ತುಂಬುವುದರೊಳಗೆ ಎರಡು ಕೂಸು ಮಣ್ಣುಪಾಲಾಗಿದ್ದವು. ಎರಡೂ ದಿನ ತುಂಬುವ ಹೊತ್ತಿಗೆ ಹೊಟ್ಟೆಯಲ್ಲೇ ಸುಮ್ಮನಾದವು. ಎರಡೂ ನೋಡಿದವರು ಬಾಯಿಮೇಲೆ ಕೈಯಿಡುವಷ್ಟು ದಪ್ಪನಾಗಿದ್ದವು. "ಇಂಥಾ ದುಂಡನ ಕೂಸು ಉಸುರಿಲ್ಲದ ಹುಟ್ಟತಾವಂದ್ರ ಯಾರದೋ ಕಣ್ಣ ಬಿದ್ದೈತಿ" ಎಂದು ಅತ್ತೆ ಅಕ್ಕುತಾಯಿ ನಿವಾಳಿಸಿ ಚೆಲ್ಲಿದ್ದಳು. 1991ರಲ್ಲಿ ಸೊಸೆ ಮತ್ತೆ ಬಸಿರಾದಾಗ ಮಾತ್ರ ಗಂಡ ಆಬಾಸಾಹೇಬ ಯಾರನ್ನೂ ಕೇಳದೆ ಆಕೆಯನ್ನು ಚಿಕ್ಕೋಡಿಯ ಡಾಕ್ಟರಬಾಯಿಯ ಹತ್ತಿರ ಕರೆದೊಯ್ದ.

"ನಿನ್ನ ರಕ್ತದಾಗ ಸಕ್ರಿ ಭಾಳ ಐತಿ, ಕೂಸು ಹೋಗಿದ್ದೂ ಅದಕ್ಕ" ಎಂದರು ಡಾಕ್ಟರಬಾಯಿ. "ಪಥ್ಯ ಮಾಡು. ಹದಿನೈದ ದಿನಕ್ಕೊಮ್ಮೆ ಹಸದ ಹೊಟ್ಟಿಲೆ ಬಂದು ರಕ್ತ ಕೊಡು. ಇಳೀಲಿಲ್ಲಂದ್ರ ದಿನಾ ಇನ್ಸುಲಿನ್ ಸೂಜಿ ಚುಚ್ಚಕೋಬೇಕಾಗತೈತಿ."

ಸೂಜಿ ಅಂದಕೂಡಲೇ ಕಸ್ತೂರೆವ್ವನಿಗೆ ಸೋದರತ್ತೆ ನೆನಪಾದಳು. ಸತ್ತಿ ಎಂಬ ಊರಿನಲ್ಲಿದ್ದ ಆ ಲಕ್ಕವ್ವ ಇದೇ ಸಕ್ಕರೆ ಕಾಯಿಲೆಯಿಂದ ಕಾಲು ಕೊಳೆತು ಸತ್ತಿದ್ದಳು. ಕೊನೆಯ ಎರಡು ತಿಂಗಳು ಅವಳಿಗೆ ಇದೇ ಸೂಜಿ. ಸೂಜಿಯೇ ಅವಳನ್ನು ತಿಂದಿತೆಂದು ಆ ಮನೆಯವರು ಇವತ್ತಿಗೂ ಹೇಳುತ್ತಾರೆ.

ಮುಂದಿನ ಸಲ ರಕ್ತ ಕೊಡುವ ಹಿಂದಿನ ದಿನ ವಾಂತಿಯಾಗಿ ಆಕೆಗೆ ಒಂದು ತುತ್ತೂ ಇಳಿಯಲಿಲ್ಲ. ರಿಪೋರ್ಟು ಚಲೋ ಬಂತು. ಡಾಕ್ಟರಬಾಯಿ ಬೆನ್ನು ತಟ್ಟಿದರು, ದಾರಿಯುದ್ದಕ್ಕೂ ಆಬಾಸಾಹೇಬನ ಮುಖ ಅರಳಿಯೇ ಇತ್ತು. ಅವತ್ತೇ ಕಸ್ತೂರೆವ್ವನಿಗೆ ದಾರಿ ಸಿಕ್ಕಿತು. ಆಮೇಲೆ ಪ್ರತಿ ಸಲವೂ ಚಿಕ್ಕೋಡಿಗೆ ಹೋಗುವ ಮುಂಚಿನ ಎರಡು ದಿನ ನೀರು ಮಜ್ಜಿಗೆಯಲ್ಲೇ ಕಳೆದಳು. ಯಾರಾದರೂ ಕೇಳಿದರೆ ಬಾಯಿಗೆ ರುಚಿಯಿಲ್ಲ ಅನ್ನುವಳು. ಉಳಿದ ದಿನ ಅತ್ತೆ ನೀಡಿದ್ದನ್ನೆಲ್ಲ ಉಂಡಳು. ಕಬ್ಬಿನ ಮನೆ, ಬೆಲ್ಲಕ್ಕೆ ಬರವೆ? "ಎರಡ ಜೀವ ಅದಾವ, ಉಣ್ಣವಾ" ಎಂದು ಅಕ್ಕುತಾಯಿ ಗೋದಿಬೆಲ್ಲದ ಹುಗ್ಗಿಯ ಮೇಲೆ ಇನ್ನೊಂದು ಸೌಟು ಹುಗ್ಗಿ ಬಡಿಸುವಳು. ಹೀಗೇ ನಾಲ್ಕು ತಿಂಗಳು ಕಳೆದವು.

ಏಳನೇ ತಿಂಗಳಲ್ಲಿ ಡಾಕ್ಟರಬಾಯಿ ಹೊಟ್ಟೆಗೆ ಟೇಪು ಹಿಡಿದು ನೋಡಿ ಹುಬ್ಬು ಗಂಟಿಕ್ಕಿದರು. "ರಿಪೋರ್ಟ್ ಒಂದ ಹೇಳತೈತಿ, ಹೊಟ್ಟಿ ಒಂದ ಹೇಳತೈತಿ. ಬ್ಯಾರೆ ಒಂದ ಪರೀಕ್ಷೆ ಮಾಡಸೋಣು. ರಕ್ತ ಮಿರಜಕ್ಕ ಕಳಸಬೇಕು."

"ಅದರಾಗ ಏನ ಗೊತ್ತಾಗತೈತ್ರಿ?" ಎಂದ ಆಬಾಸಾಹೇಬ.

"ಸಕ್ರಿ ರಕ್ತದ ಕೆಂಪು ಕಣಕ್ಕ ಅಂಟಕೊಂಡಿರತೈತಿ. ಹಿಂದಿನ ಎರಡ ಮೂರ ತಿಂಗಳ ಎಷ್ಟಿತ್ತು ಅನ್ನೂದು ತಿಳೀತೈತಿ."

"ಉಪಾಸ ಇದ್ರ ಕಡಿಮಿ ಬರತೈತೇನ್ರಿ?" ಎಂದಳು ಕಸ್ತೂರೆವ್ವ ಮೆಲ್ಲಗೆ.

"ಒಂದೆರಡ ದಿನದ ಉಪಾಸಕ್ಕ ಇದು ಜಗ್ಗೂದಿಲ್ಲ."

ಆಗಲೇ ಹೇಳಿಬಿಡಬಹುದಿತ್ತು. ಪಕ್ಕದಲ್ಲಿ ಗಂಡನಿದ್ದ. ರಕ್ತ ಕೊಟ್ಟು ಮನೆಗೆ ಬಂದವಳು ಅಂದಿನಿಂದ ಬೆಲ್ಲ ಮುಟ್ಟಲಿಲ್ಲ, ಅತ್ತೆ ಬೈದರೂ ಹುಗ್ಗಿಯ ತಾಟು ಸರಿಸಿದಳು. ಹನ್ನೆರಡು ದಿನಕ್ಕೆ ಬಂದ ರಿಪೋರ್ಟಿನಲ್ಲಿ ಹತ್ತೂವರೆ ಎಂದಿತ್ತು. ಆರರ ಒಳಗಿರಬೇಕಾದದ್ದು.

ಡಾಕ್ಟರಬಾಯಿ ಕೇಳುವ ಮೊದಲೇ ಕಸ್ತೂರೆವ್ವ ಎಲ್ಲ ಹೇಳಿದಳು. ಅವರು ಬೈಯಲಿಲ್ಲ. ಚಷ್ಮಾ ತೆಗೆದು ಮೇಜಿನ ಮೇಲಿಟ್ಟರು. ಆಬಾಸಾಹೇಬ ಕಿಟಕಿಯಾಚೆ ನೋಡುತ್ತ ನಿಂತ.

ಸೂಜಿ ಶುರುವಾಯಿತು. ದಿನಕ್ಕೆರಡು ಸಲ ಊರ ನರ್ಸಬಾಯಿಯ ಮನೆಗೆ ನಡೆದು ಹೋಗಿ ಚುಚ್ಚಿಸಿಕೊಂಡಳು. ಇರುವೆ ಕಚ್ಚಿದಷ್ಟೂ ನೋಯಲಿಲ್ಲ. ಮೊದಲ ದಿನ ಅದನ್ನು ನೆನೆದು ನರ್ಸಬಾಯಿಯ ಹಿತ್ತಲಲ್ಲಿ ಕೂತು ಅತ್ತಳು. ಮೂರು ವಾರದಲ್ಲಿ ಸಕ್ಕರೆ ಖರೇನೇ ಇಳಿಯಿತು, ಉಂಡಾದ ಮೇಲೆ ನೋಡಿದರೂ ಇಳಿದಿತ್ತು. ಕೂಸು ಒದೆಯುತ್ತಿತ್ತು. ಅದು ಒದ್ದಾಗಲೊಮ್ಮೆ ಆಕೆ ಗಂಡನ ಕಡೆ ನೋಡುವಳು.

ಒಂಬತ್ತನೇ ತಿಂಗಳು ಹಿಡಿದ ವಾರ, ಸೊಪ್ಪು ಸೋಸುತ್ತ ಕೂತಿದ್ದಾಗ, ಬೆಳಗಿನಿಂದ ಒದೆತವೇ ಇಲ್ಲವೆಂಬುದು ಹೊಳೆಯಿತು. ಒಂದು ಚೊಂಬು ತಣ್ಣೀರು ಕುಡಿದು ಎಡಮಗ್ಗುಲಾಗಿ ಮಲಗಿ ಕಾದಳು. ಆಮೇಲೆ ಬಸ್ಸು ಹತ್ತಿದರು. ಡಾಕ್ಟರಬಾಯಿ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಅಲ್ಲಿ ಇಲ್ಲಿ ಸರಿಸಿ ಬಹಳ ಹೊತ್ತು ಕಿವಿಗೊಟ್ಟರು.

ಗಂಡು ಕೂಸು, ನಾಲ್ಕು ಕಿಲೋ, ಉಸಿರಿಲ್ಲ.

ಮೂರನೇ ದಿನ ಕಸ್ತೂರೆವ್ವ ಕೇಳಿದಳು, "ನಾ ಮೊದಲ ಹೇಳಿದ್ರ ಉಳೀತಿತ್ತೇನ್ರಿ?"

"ಹೇಳಾಕ ಬರೂದಿಲ್ಲವಾ" ಎಂದರು ಡಾಕ್ಟರಬಾಯಿ.

ಹೌದು ಅಂದಿದ್ದರೆ ಎದೆ ಬಡಿದುಕೊಂಡು ಅಳುತ್ತಿದ್ದಳು, ಇಲ್ಲ ಅಂದಿದ್ದರೆ ಹಣೆಬರಹ ಅಂದುಕೊಳ್ಳುತ್ತಿದ್ದಳು. ಈ ಮಾತನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಆಕೆಗೆ ತಿಳಿಯಲಿಲ್ಲ.

ಮನೆಯಲ್ಲಿ ಆಬಾಸಾಹೇಬ ಅವ್ವನಿಗೆ "ದೇವರ ಇಟ್ಟಂಗ ಆತು" ಎಂದಷ್ಟೇ ಹೇಳಿದ. ಉಪವಾಸದ ಸುದ್ದಿಯನ್ನು ಅವನು ಯಾರ ಮುಂದೆಯೂ ಎತ್ತಲಿಲ್ಲ, ಹೆಂಡತಿಯ ಮುಂದೆಯೂ. ಒಂದು ದಿನ ಅವನು ಎಮ್ಮೆಗೆ ಮೇವು ಹಾಕುತ್ತಿದ್ದಾಗ ಕಸ್ತೂರೆವ್ವ ಎದುರು ಹೋಗಿ ನಿಂತು, "ಒಮ್ಮೆರೆ ಬೈರಿ ನನಗ" ಎಂದಳು. ಅವನು ಬುಟ್ಟಿ ಖಾಲಿ ಮಾಡಿ, ಕೊಡವಿ, ಹೊಲದ ಕಡೆ ಹೋದ.

ಮತ್ತೆ ಬಸಿರು ನಿಲ್ಲಲಿಲ್ಲ. ಸಕ್ಕರೆ ಮಾತ್ರ ಮೈಯಲ್ಲೇ ನಿಂತಿತು. 1998ರ ಹೊತ್ತಿಗೆ ಎಡಗಣ್ಣು ಮಂಜಾಯಿತು, ಅಕ್ಕಿಯೊಳಗಿನ ಹರಳು ಕಾಣದಾಯಿತು. ಮೂರು ತಿಂಗಳಿಗೊಮ್ಮೆ ಗಂಡಹೆಂಡತಿ ಚಿಕ್ಕೋಡಿಗೆ ಹೋಗಿ, ಹಿಂದಿನ ತಿಂಗಳುಗಳ ಸಕ್ಕರೆ ಹೇಳುವ ಆ ಪರೀಕ್ಷೆಗೆ ರಕ್ತ ಕೊಟ್ಟು ಬರುವರು. ಒಮ್ಮೆ ಹತ್ತು, ಒಮ್ಮೆ ಹನ್ನೊಂದು. ಚೀಟಿಯನ್ನು ಆಬಾಸಾಹೇಬನೇ ಇಸಿದುಕೊಂಡು ಅಂಗಿಯ ಕಿಸೆಗೆ ಹಾಕುವನು. ಎಷ್ಟು ಬಂತೆಂದು ಆಕೆ ಕೇಳುವುದನ್ನು ಬಿಟ್ಟಿದ್ದಳು.