ಕನಸು ಕೇಳುವ ಕೋಣೆಯ ಹೊರಗೆ ಸ್ವೆಟರ್ ಅಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಮಹಡಿಯ ಪುಟ್ಟ ಮನೆಯಲ್ಲಿ ಏಳು ವರ್ಷದ ಹುಡುಗಿ ಕಣ್ಣುಜ್ಜಿಕೊಳ್ಳುತ್ತಾ ಹಾಸಿಗೆಯ ಮೇಲೆ ಕೂತಿದ್ದಾಳೆ. ಮಕ್ಕಳ ಕನಸುಗಳ ಅಧ್ಯಯನಕ್ಕೆ ಬಂದ ಸಂಶೋಧಕಿ ಮೆಲ್ಲಗೆ ಕೇಳುತ್ತಾರೆ, "ರಾತ್ರಿ ಏನು ಕಂಡೆ, ಪುಟ್ಟಿ?" ಹುಡುಗಿ ಮೊದಲು ಅಮ್ಮನ ಮುಖ ನೋಡುತ್ತಾಳೆ. ಆಮೇಲೆ, "ಹೂವು."

"ಹೂವು ಕಂಡ್ರೆ ಯಾರಾದ್ರೂ ಬಿಕ್ಕಿ ಬಿಕ್ಕಿ ಅಳ್ತಾರೇನೇ?" ತಾಯಿಗೆ ತಡೆಯುವುದಿಲ್ಲ. ಕೆಲವು ದಿನಗಳಿಂದ ಮಗಳು ನಿದ್ದೆಯಲ್ಲಿ ಅಳುತ್ತಿದ್ದಾಳೆ, ಕಾರಣ ಮಾತ್ರ ಬಾಯಿ ಬಿಡುತ್ತಿಲ್ಲ. ಮಗಳನ್ನು ಒಬ್ಬಳನ್ನೇ ಮಾತಾಡಿಸಲು ತಾಯಿ ಒಪ್ಪಿದ್ದಾರೆ ನಿಜ, ಆದರೆ ಕಾಲು ಕೋಣೆ ಬಿಟ್ಟು ಕದಲಬೇಕಲ್ಲ!

ಈಗ ಎದ್ದು ಬರುತ್ತಾರೆ, ತಂಡದವರೆಲ್ಲ ಸ್ವೆಟರ್ ಅಕ್ಕ ಎಂದು ಕರೆಯುವ ಸಹಾಯಕಿ. ಕೈಯಲ್ಲಿ ಅರ್ಧ ಹೆಣೆದ ಸ್ವೆಟರ್. "ಒಂಚೂರು ನೋಡಿ ಅಮ್ಮಾ, ತೋಳು ಯಾಕೋ ಸೊಟ್ಟಗಾಗ್ತಿದೆ."

"ಅಯ್ಯೋ, ಇದೇನ್ರೀ ಹೀಗೆ ಹೆಣೆದಿದೀರಾ!" ತಾಯಿ ಕಡ್ಡಿ ಕಿತ್ತುಕೊಂಡು ಹೊರಗಿನ ಬೆಂಚಿಗೆ ಬಂದೇಬಿಡುತ್ತಾರೆ. ಬಾಗಿಲು ಅರ್ಧ ತೆರೆದೇ ಇರುತ್ತದೆ.

ಅಕ್ಕ ಬೇಕೆಂದೇ ತಪ್ಪು ಹೆಣೆಯುತ್ತಾರೆ! ಮೊದಲು ಉಲ್ಲನ್ ಅಂಗಡಿಯಲ್ಲಿದ್ದವರು. ಚೀಲ ಹೊರಲು ಈ ತಂಡಕ್ಕೆ ಸೇರಿದರು, ಅಪ್ಪ ಅಮ್ಮಂದಿರನ್ನು ಮಾತಿಗೆಳೆಯುವುದೇ ಕಸುಬಾಯಿತು. ಕನಸು ಮಾಸುವ ಮೊದಲೇ ಕೇಳಬೇಕು, ಹಾಗಾಗಿ ದಿನವೂ ನಸುಕಿನಲ್ಲೇ ಮನೆ ಬಿಡಬೇಕು. ಅಧ್ಯಯನದ ವರದಿಯಲ್ಲಿ ಇವರ ಹೆಸರೇ ಇರುವುದಿಲ್ಲ ಅಂದರೆ, ಇವರ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನಗೆ ಸಿಟ್ಟು ಬರುತ್ತದೆ, ಅವರಿಗೆ ನಗು.

"ಅಪ್ಪಂದಿರು ಹೆಣೆಯಲ್ವಲ್ಲ?" ಅಂತ ಬರುವ ದಾರಿಯಲ್ಲೇ ಕೇಳಿದ್ದೆ.

"ಸಿಕ್ಕಾದ ನೂಲು ಕೊಟ್ಬಿಡ್ತೀನಿ. ಬಿಡಿಸೋವರೆಗೂ ಏಳಲ್ಲ, ಪಾಪ!"

ಒಳಗೆ ಸಣ್ಣ ದನಿ ಶುರುವಾಗುತ್ತದೆ. ಹೊಳೆಯಾಚೆ ಯಾರೋ ಮಾತಾಡಿದ ಹಾಗೆ ಕೇಳುತ್ತದೆ, ಪದ ಸಿಗುವುದಿಲ್ಲ. ತಾಯಿಯ ಕಡ್ಡಿ ನಿಲ್ಲುತ್ತದೆ. "ಏನಂತಿದಾಳೆ?"

"ಅವಳ ಮಾತು ಅವಳಿಗಿರ್ಲಿ. ನೀವು ಹೆಣೀರಿ ತಾಯಿ." ಕಿಟಕಿಯ ಬೆಳಕು ನೂಲಿನುಂಡೆಯ ಮೇಲೆ ನಿಧಾನವಾಗಿ ಇಳಿಯುತ್ತದೆ.

ಎಷ್ಟೋ ಹೊತ್ತಿನ ಮೇಲೆ ಹುಡುಗಿ ತಾನೇ ಹೊರಗೆ ಬಂದು ತಾಯಿಯ ಮಡಿಲು ಹತ್ತುತ್ತಾಳೆ. "ಅಮ್ಮಾ, ಕನಸಲ್ಲಿ ನಿಂಗೆ ನನ್ನ ಗುರುತೇ ಸಿಗಲ್ಲ. ಶಾಲೆ ಗೇಟಲ್ಲಿ ಕರೆದ್ರೂ ಹೋಗ್ಬಿಡ್ತೀಯ. ಹೇಳಿದ್ರೆ ನೀನು ಅಳ್ತೀಯ ಅಂತ..." ತಾಯಿ ಅಳುತ್ತಲೇ ಅವಳನ್ನು ತಬ್ಬಿಕೊಳ್ಳುತ್ತಾರೆ. ಅಕ್ಕ ಸದ್ದಿಲ್ಲದೆ ಸ್ವೆಟರ್ ಮಡಚುತ್ತಾರೆ.

ಮೆಟ್ಟಿಲಿಳಿಯುವಾಗ, ನಿಮಗೇನಾಸೆ ಅಂತ ಅಕ್ಕನನ್ನು ಕೇಳುತ್ತೇನೆ.

"ನನ್ನ ಮಗಳು ಏಳೋ ಹೊತ್ತಿಗೆ ನಾನು ಯಾರ್ದೋ ಮನೇಲಿರ್ತೀನಿ. ಒಂದಿನ ಅವಳ ಕನಸ್ನೂ ಯಾರಾದ್ರೂ ಕೇಳ್ಲಿ. ನಾನು ಹೊರಗೇ ಕೂತಿರ್ತೀನಿ. ಆಮೇಲೆ ಅವಳೇ ಬಂದು ನನ್ನ ಮಡಿಲು ಹತ್ತಿದ್ರೆ ಸಾಕು."